ಪ್ರವಾಸದಲ್ಲಿ ಆಯ್ದ ಕಲ್ಲಿಗೆ ಊರು ಬರೆದಿಡಿ

ಪ್ರಶ್ನೆ: ಬ್ಯಾಂಕ್ ಕೆಲಸದ ಮೇಲೆ ಎರಡು ವರ್ಷದ ಹಿಂದೆ ಮೈಸೂರಿನಿಂದ ಕಲಬುರಗಿಗೆ ವರ್ಗವಾಗಿ ಬಂದೆ. ರಜೆ ಸಿಕ್ಕಾಗಲೆಲ್ಲ ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗಳು ಸುತ್ತಮುತ್ತ ಓಡಾಡುತ್ತೇವೆ. ಹೋದಲ್ಲೆಲ್ಲ ಮಗಳು ಒಂದು ಕಲ್ಲು ಎತ್ತಿಕೊಳ್ಳುತ್ತಾಳೆ. ಈಗ ನನಗೂ ಆ ಚಟ ಹತ್ತಿದೆ. ಐದು ಕಲ್ಲಿನ ಫೋಟೊ ಕಳಿಸಿದ್ದೇನೆ. ಬೀದರಿನ ರಸ್ತೆ ಬದಿಯ ಕೆಂಪು ತೂತಿನ ಕಲ್ಲು, ಆಳಂದ ಕಡೆಯ ಬಿಳಿ ಚುಕ್ಕೆಯ ಕರಿ ಕಲ್ಲು, ಶಹಾಬಾದಿನ ಬೂದು ಚಪ್ಪಟೆ ಕಲ್ಲು, ಯಾದಗಿರಿಯ ಗುಲಾಬಿ ಕಲ್ಲು, ಸನ್ನತಿ ಹತ್ತಿರ ಭೀಮಾ ನದಿಯಲ್ಲಿ ಸಿಕ್ಕ ಜೇನಿನ ಬಣ್ಣದ ಹರಳು. ಇವು ಏನು? ಕರಿ ಕಲ್ಲು ಆಕಾಶದಿಂದ ಬಿದ್ದಿರಬಹುದಾ? ಹೀಗೆ ಎತ್ತಿಕೊಂಡು ಬರುವುದು ತಪ್ಪಾ? ಇನ್ನೊಂದು ಚೀಲದ ತುಂಬ ಕಲ್ಲಿವೆ, ಎಲ್ಲಿ ಸಿಕ್ಕವು ಅಂತ ನೆನಪಿಲ್ಲ. ಅವನ್ನೇನು ಮಾಡಲಿ?

ಉತ್ತರ:

ತಂಗಿ, ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಮೂವತ್ತು ವರ್ಷ ಇದೇ ಭಾಗದಲ್ಲಿ ಭೂವಿಜ್ಞಾನದ ಪಾಠ ಹೇಳಿದವನು ನಾನು. ಕಲಬುರಗಿ ಅಂದರೆ ಬಿಸಿಲು, ತೊಗರಿ ಅಂತಷ್ಟೇ ಹೇಳುವವರು ಜಾಸ್ತಿ. ಇಲ್ಲಿಯ ಕಲ್ಲು ನೋಡಿ ಬೆರಗಾದೆ ಅಂತ ಬರೆದವರು ಕಡಿಮೆ. ನಿಮ್ಮ ಮಗಳ ಕಣ್ಣು ಚೆನ್ನಾಗಿದೆ. ಗೊತ್ತಿಲ್ಲದೆಯೇ ಅವಳು ಈ ಸೀಮೆಯ ಮುಖ್ಯ ಕಲ್ಲುಗಳನ್ನೆಲ್ಲ ಒಂದೊಂದು ಆಯ್ದಿದ್ದಾಳೆ.

ಮೊದಲು ಒಂದು ಪ್ರಯಾಣದ ಮಾತು. ಕಲಬುರಗಿಯಿಂದ ಯಾದಗಿರಿಗೆ ಹಗಲು ರೈಲಿನಲ್ಲಿ ಕಿಟಕಿ ಪಕ್ಕ ಕುಳಿತು ಹೋಗಿ. ಸುಮಾರು ಒಂದೂವರೆ ಗಂಟೆಯ ದಾರಿ. ಊರು ಬಿಟ್ಟಾಗ ಎರೆ ಭೂಮಿ, ಅಡಿಯಲ್ಲಿ ಕರಿ ಕಲ್ಲು. ಶಹಾಬಾದ್, ವಾಡಿ ಬಂದಾಗ ನೆಲ ಬೂದು ಬಣ್ಣಕ್ಕೆ ತಿರುಗುತ್ತದೆ. ಹಳಿಯ ಪಕ್ಕದ ಕಲ್ಲು ಪುಸ್ತಕದ ಹಾಳೆ ಒಟ್ಟಿದ ಹಾಗೆ ಕಾಣುತ್ತದೆ. ಯಾದಗಿರಿ ಹತ್ತಿರ ಬಂದಂತೆ ಗುಂಡು ಗುಂಡು ಬಂಡೆಗಳ ಗುಡ್ಡಗಳು ಏಳುತ್ತವೆ. ಕರಿ ಕಲ್ಲು ಸುಮಾರು 6.6 ಕೋಟಿ ವರ್ಷದ್ದು. ಬೂದು ಕಲ್ಲಿಗೆ 54 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಯಾದಗಿರಿಯದು ಸುಮಾರು 250 ಕೋಟಿ. ಒಂದು ಚಹಾ ಕುಡಿದು ಮುಗಿಸಿ ಇನ್ನೊಂದು ಹೇಳುವಷ್ಟರಲ್ಲಿ ಇಷ್ಟು ಹಿಂದಕ್ಕೆ ಹೋಗಿ ಬರಬಹುದು. ಈ ಸೀಮೆಯಲ್ಲಿ ಕಲ್ಲು ಆಯುವವರಿಗೆ ಇರುವ ಭಾಗ್ಯ ಇದು.

ಈಗ ನಿಮ್ಮ ಕಲ್ಲುಗಳು. ಕರಿ ಕಲ್ಲಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದರ ಬಗ್ಗೆಯೇ ನಿಮಗೆ ಆಸೆ ಜಾಸ್ತಿ ಇದೆ. ಅದು ಆಕಾಶದಿಂದ ಬಿದ್ದದ್ದಲ್ಲ, ನೆಲದೊಳಗಿಂದ ಮೇಲೆ ಬಂದದ್ದು. ಹೆಸರು ಬಸಾಲ್ಟ್. ಭೂಮಿಯ ಬಿರುಕುಗಳಿಂದ ಲಾವಾ ಉಕ್ಕಿ ಹರಿದು, ಪದರದ ಮೇಲೆ ಪದರ ಕೂತು, ದಖ್ಖನ್ನಿನ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿತು. ಆ ಹೊದಿಕೆಯ ತೆಂಕಣ ಅಂಚು ನಮ್ಮ ಬೀದರ್, ಆಳಂದ, ಕಲಬುರಗಿ. ನಿಮ್ಮ ಮನೆ ಸುತ್ತಲಿನ ಎರೆ ಮಣ್ಣು ಈ ಕಲ್ಲೇ ಸವೆದು ಆದದ್ದು. ತೊಗರಿ ಬೇಳೆಯ ರುಚಿಯ ಹಿಂದೆಯೂ ಆ ಲಾವಾದ ಪಾಲು ಇದೆ ಅಂತ ನಾನು ನಂಬಿದ್ದೇನೆ.

ಬಿಳಿ ಚುಕ್ಕೆಗಳ ಕಥೆ ಇನ್ನೂ ಸೊಗಸು. ಲಾವಾ ಆರುವಾಗ ಒಳಗಿನ ಅನಿಲ ಗುಳ್ಳೆಯಾಗಿ ಸಿಕ್ಕಿಕೊಳ್ಳುತ್ತದೆ. ಪಡ್ಡಿನ ಹಿಟ್ಟು ಬೇಯುವಾಗ ತೂತು ಬೀಳುತ್ತದಲ್ಲ, ಹಾಗೆ. ಎಷ್ಟೋ ಕಾಲದ ಮೇಲೆ ಆ ತೂತುಗಳಿಗೆ ನೀರು ಇಳಿಯುತ್ತದೆ. ನೀರಿನಲ್ಲಿ ಕರಗಿದ್ದ ಖನಿಜ ಒಳಗೆ ಹರಳುಗಟ್ಟುತ್ತದೆ. ಅದು ಮೂರರಲ್ಲಿ ಒಂದು ಇರುತ್ತದೆ ಅಂತ ಇಟ್ಟುಕೊಳ್ಳಿ: ಕ್ಯಾಲ್ಸೈಟ್, ಜಿಯೋಲೈಟ್ ಅಥವಾ ಬೆಣಚು (ಕ್ವಾರ್ಟ್ಜ್). ಯಾವುದು ಅಂತ ಮನೆಯಲ್ಲೇ ನೋಡಬಹುದು. ಚಾಕುವಿನ ತುದಿಯಿಂದ ಬಿಳಿ ಭಾಗವನ್ನು ಕೆರೆಯಿರಿ. ಗೀರು ಬೀಳದೆ ಚಾಕುವೇ ಜಾರಿದರೆ ಬೆಣಚಿನ ಜಾತಿ. ಪುಡಿ ಬಿದ್ದರೆ ಆ ಪುಡಿಯ ಮೇಲೆ ಒಂದು ಹನಿ ನಿಂಬೆರಸ ಹಾಕಿ, ಭೂತಗನ್ನಡಿ ಹಿಡಿದು ನೋಡಿ. ಸಣ್ಣ ಸಣ್ಣ ಗುಳ್ಳೆ ಎದ್ದರೆ ಕ್ಯಾಲ್ಸೈಟ್. ಏನೂ ಆಗದಿದ್ದರೆ ಜಿಯೋಲೈಟ್ ಇರಬಹುದು. ಫೋಟೊದಲ್ಲಿ ನಿಮ್ಮ ಕಲ್ಲಿನ ಒಂದು ತೂತಿನಲ್ಲಿ ಬೀಸಣಿಗೆ ಬಿಚ್ಚಿದ ಹಾಗೆ ಹರಳು ಕಾಣುತ್ತಿದೆ. ನನಗೆ ಅದು ಜಿಯೋಲೈಟ್ ಅನಿಸುತ್ತದೆ. ಆದರೆ ಫೋಟೊ ನೋಡಿ ಹೇಳಿದ್ದನ್ನು ಕೊನೆಯ ಮಾತು ಅಂದುಕೊಳ್ಳಬೇಡಿ, ಚಾಕು ಮತ್ತು ನಿಂಬೆಹಣ್ಣು ನನಗಿಂತ ಸರಿಯಾಗಿ ಹೇಳುತ್ತವೆ. ಜಿಯೋಲೈಟ್ ಹರಳನ್ನು ತೊಳೆಯಲು ಬಿಸಿನೀರಲ್ಲಿ ಕುದಿಸಬೇಡಿ. ಅದರ ಮೈಯೊಳಗೆ ನೀರಿನ ಅಂಶ ಇದೆ. 1756ರಲ್ಲಿ ಸ್ವೀಡನ್ನಿನ ಖನಿಜ ವಿಜ್ಞಾನಿ ಕ್ರೋನ್‌ಸ್ಟೆಡ್ ಇದನ್ನು ಕಾಯಿಸಿದಾಗ ಕಲ್ಲು ಕುದಿಯುವ ಹಾಗೆ ಉಬ್ಬಿ ಆವಿ ಬಿಟ್ಟಿತು. ಅದಕ್ಕೇ ಗ್ರೀಕ್ ಭಾಷೆಯಲ್ಲಿ ಕುದಿಯುವ ಕಲ್ಲು ಅನ್ನುವ ಅರ್ಥದ ಹೆಸರನ್ನು ಇಟ್ಟ.

ಉಲ್ಕೆಯ ಮಾತು ನನ್ನ ಬಳಿ ಬಹಳ ಜನ ತರುತ್ತಾರೆ. ಕಪ್ಪಗಿದೆ, ಭಾರ ಇದೆ, ಅಯಸ್ಕಾಂತ ಹಿಡಿಯುತ್ತದೆ ಅಂತಾರೆ. ಬಸಾಲ್ಟಿನಲ್ಲೂ ಮ್ಯಾಗ್ನಟೈಟ್ ಅನ್ನುವ ಕಬ್ಬಿಣದ ಖನಿಜ ಸ್ವಲ್ಪ ಇರುತ್ತದೆ. ದಾರಕ್ಕೆ ಕಟ್ಟಿದ ಅಯಸ್ಕಾಂತ ಅದರ ಕಡೆ ಮೆಲ್ಲಗೆ ವಾಲುತ್ತದೆ. ಇನ್ನೊಂದು ಗುರುತು: ಒಳಗೆ ಗುಳ್ಳೆಯ ತೂತು ಇದ್ದರೆ ಉಲ್ಕೆಯ ಆಸೆ ಬಿಟ್ಟುಬಿಡಿ. ಉಲ್ಕೆಗಳಲ್ಲಿ ಅಂಥ ತೂತು ಇರುವುದು ತೀರಾ ಅಪರೂಪ.

ಬೀದರಿನ ಕೆಂಪು ಕಲ್ಲು ಈ ಕರಿ ಕಲ್ಲಿನ ಮಗು. ಜಂಬಿಟ್ಟಿಗೆ ಅಂತಾರೆ, ಲ್ಯಾಟರೈಟ್. ಬಿಸಿಲು ಮಳೆಗೆ ಬಸಾಲ್ಟ್ ಕೊಳೆತು, ಕರಗುವುದೆಲ್ಲ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದುಕೊಂಡಿದ್ದು. ಕೆಂಪು ಬಣ್ಣ ಆ ಕಬ್ಬಿಣದ ತುಕ್ಕು. ನೆಲದಲ್ಲಿ ಇದ್ದಾಗ ಮೆತ್ತಗಿರುತ್ತದೆ, ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. 1807ರಲ್ಲಿ ಪ್ರಕಟವಾದ ಬರಹದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಮಲಬಾರಿನಲ್ಲಿ ಕಂಡ ಇಂಥದೇ ಕಲ್ಲಿಗೆ ಇಟ್ಟಿಗೆ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಈ ಹೆಸರು ಕೊಟ್ಟ. ಮಗಳಿಗೆ ಬೀದರ್ ಕೋಟೆಯ ಕಂದಕ ತೋರಿಸಿದ್ದೀರಾ? ಮುಂದಿನ ಸಲ ತೋರಿಸಿ. ಮೂರು ಸಾಲು ಕಂದಕವನ್ನು ಇದೇ ಕಲ್ಲಿನಲ್ಲಿ ಕೊರೆದಿದ್ದಾರೆ. ಆಮೇಲೆ ನೌಬಾದಿಗೆ ಹೋಗಿ, ಅಲ್ಲಿನ ಸುರಂಗ ಬಾವಿ ನೋಡಿ. ಬಹಮನಿ ಕಾಲದ ಕರೇಜ್ ಅದು, ನೆಲದಡಿ ಎರಡು ಕಿಲೋಮೀಟರಿಗೂ ಉದ್ದ. ತೂತಿನ ಜಂಬಿಟ್ಟಿಗೆ ಮಳೆನೀರನ್ನು ಸ್ಪಂಜಿನ ಹಾಗೆ ಹೀರುತ್ತದೆ. ಕೆಳಗಿನ ಗಟ್ಟಿ ಬಸಾಲ್ಟ್ ಅದನ್ನು ಇಳಿಯಲು ಬಿಡುವುದಿಲ್ಲ. ಎರಡೂ ಕೂಡುವ ಜಾಗದಲ್ಲಿ ನೀರು ಸಿಗುತ್ತದೆ ಅಂತ ಆ ಕಾಲದವರಿಗೆ ಗೊತ್ತಿತ್ತು. ನಿಮ್ಮ ಕೈಯಲ್ಲಿರುವ ಆ ಎರಡು ಕಲ್ಲು, ಕೆಂಪು ಮತ್ತು ಕಪ್ಪು, ಒಂದರ ಮೇಲೊಂದು ಇಟ್ಟರೆ ಅದೇ ಬಾವಿಯ ನಕ್ಷೆ.

ಶಹಾಬಾದಿನ ಕಲ್ಲನ್ನು ನೀವು ದಿನಾ ತುಳಿಯುತ್ತೀರಿ. ನಮ್ಮಲ್ಲಿ ಪರಸಿ ಅಂತಾರೆ. ಮನೆ ನೆಲಕ್ಕೆ, ಅಡುಗೆ ಕಟ್ಟೆಗೆ, ಚಿತ್ತಾಪುರ, ಸೇಡಂ ಕಡೆಯ ಹಳ್ಳಿಗಳಲ್ಲಿ ಗೋಡೆಗೆ, ಮಾಳಿಗೆಗೆ, ಹೊಲದ ಬೇಲಿಗೂ ಇದೇ. ಆಳವಿಲ್ಲದ ಹಳೆಯ ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಆದ ಕಲ್ಲು. ಅದಕ್ಕೇ ಹಾಳೆಯ ಹಾಗೆ ಸೀಳುತ್ತದೆ. ಸಿಮೆಂಟ್ ಕಾರ್ಖಾನೆಗಳು ವಾಡಿ, ಸೇಡಂ, ಮಳಖೇಡದಲ್ಲಿ ನಿಂತಿರುವುದೂ ಈ ಸುಣ್ಣಕ್ಕಾಗಿಯೇ. ನಿಮ್ಮ ಕಲ್ಲಿನ ಮೇಲೆ ಜರೀಗಿಡದ ಎಲೆಯಂಥ ಕಪ್ಪು ಗೆರೆ ಇದೆ. ಮಗಳು ಅದನ್ನು ಪಳೆಯುಳಿಕೆ ಅಂದಿರಬೇಕು, ಅಲ್ವಾ? ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅದು ಗಿಡ ಅಲ್ಲ. ಕಲ್ಲಿನ ಸೀಳಿನೊಳಗೆ ಮ್ಯಾಂಗನೀಸ್ ಸೇರಿದ ನೀರು ಹರಿದು, ಒಣಗುತ್ತಾ ಕವಲು ಕವಲಾಗಿ ಬೆಳೆದ ಕಲೆ. ಡೆಂಡ್ರೈಟ್ ಅಂತ ಹೆಸರು. ಈ ಕಲ್ಲು ಆಗುವಾಗ ನೆಲದ ಮೇಲೆ ಗಿಡವೇ ಇರಲಿಲ್ಲ, ಸಮುದ್ರದಲ್ಲಿ ಚಿಪ್ಪಿನ ಪ್ರಾಣಿಯೂ ಇರಲಿಲ್ಲ. ಅವಳಿಗೆ ಬೇಜಾರಾದರೆ ಇದನ್ನು ಹೇಳಿ: ಜೀವವಿಲ್ಲದ ನೀರು ಜೀವದ ಆಕಾರ ಬರೆದಿದೆ. ನಿಜವಾದ ಪಳೆಯುಳಿಕೆ ಬೇಕೆಂದರೆ ಗುರುಮಿಟ್ಕಲ್ ಕಡೆ ಲಾವಾ ಪದರಗಳ ನಡುವೆ ಹಳೆಯ ಕೆರೆಗಳ ಕೆಸರು ಸಿಕ್ಕಿಕೊಂಡಿದೆ, ಅದರಲ್ಲಿ ಸಿಹಿನೀರಿನ ಜೀವಿಗಳ ಗುರುತು ಸಿಕ್ಕಿವೆ. ಅಲ್ಲಿ ನೋಡಿ ಬನ್ನಿ, ಕಿತ್ತು ತರಬೇಡಿ. ಅಂಥ ಪದರ ತೆಳುವಾದದ್ದು, ಕೈಹಾಕಿದವರಿಗೆಲ್ಲ ಒಂದೊಂದು ಚೂರು ಹೋದರೆ ಓದುವವರಿಗೆ ಏನೂ ಉಳಿಯುವುದಿಲ್ಲ.

ಯಾದಗಿರಿಯ ಗುಲಾಬಿ ಕಲ್ಲು ಗ್ರಾನೈಟ್. ಗುಲಾಬಿ ಬಣ್ಣದ ಖನಿಜ ಫೆಲ್ಡ್‌ಸ್ಪಾರ್, ಗಾಜಿನಂತೆ ಹೊಳೆಯುವುದು ಬೆಣಚು, ಕಪ್ಪು ಚೂರು ಅಭ್ರಕ. ನಿಮ್ಮ ಐದರಲ್ಲಿ ಎಲ್ಲಕ್ಕಿಂತ ಹಿರಿಯದು ಇದೇ.

ಇನ್ನು ಭೀಮಾ ನದಿಯ ಜೇನಿನ ಹರಳು. ನೋಡಿದ ಕೂಡಲೇ ನನಗೆ ಕೈಗೆತ್ತಿಕೊಳ್ಳಬೇಕು ಅನಿಸಿದ್ದು ಇದನ್ನೇ. ಕ್ಯಾಲ್ಸೆಡೊನಿ ಅಂತಾರೆ, ಬೆಣಚಿನ ಮನೆತನದ್ದು. ಪಟ್ಟೆ ಇದ್ದರೆ ಅಗೇಟ್. ನಮ್ಮಲ್ಲಿ ಉಂಗುರಕ್ಕೆ ಹಾಕುವ ಅಕೀಕ್ ಇದೇ. ಇದೂ ಬಸಾಲ್ಟಿನ ತೂತಿನಲ್ಲಿ ಹುಟ್ಟಿದ್ದು. ಸುತ್ತಲಿನ ಕರಿ ಕಲ್ಲು ಸವೆದು ಮಣ್ಣಾಯಿತು. ಇದು ಗಟ್ಟಿ ಜೀವ, ಸವೆಯದೆ ಉಳಿದು ನೀರಿನ ಜೊತೆ ಉರುಳುತ್ತಾ ಬಂತು. ಸನ್ನತಿಯ ನೆಲ ಸುಣ್ಣದ ಕಲ್ಲಿನದು. ಅಂದರೆ ಈ ಹರಳು ಅಲ್ಲಿಯದಲ್ಲ, ನದಿ ಮೇಲಿನಿಂದ ತಂದದ್ದು. ಸಂಜೆ ಬಿಸಿಲಿಗೆ ಹಿಡಿದು ನೋಡಿ, ಒಳಗೆ ಬೆಳಕು ಇಳಿಯುತ್ತದೆ. ಪಾಲಿಶ್ ಮಾಡಿಸಬೇಡಿ. ನದಿ ಮಾಡಿದ ಪಾಲಿಶ್ ಸಾಕು.

ಎತ್ತಿಕೊಂಡು ಬರುವುದು ತಪ್ಪಾ ಅಂತ ಕೇಳಿದ್ದೀರಿ. ಇದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರ ಕೊಡಬೇಕು. ಹೊಲದ ಬದುವಿನ ಕಲ್ಲಿಗೆ ರೈತರನ್ನು ಕೇಳಿ. ಉಳುವಾಗ ಅಡ್ಡ ಬಂದ ಕಲ್ಲನ್ನು ಅವರೇ ಆಯ್ದು ಒಟ್ಟಿರುತ್ತಾರೆ. ಕೇಳಿದರೆ ಸಂತೋಷದಿಂದ ಕೊಡುತ್ತಾರೆ, ಜೊತೆಗೆ ಚಹಾ ಕುಡಿದು ಹೋಗ್ರಿ ಅಂತಾರೆ. ಆದರೆ ತೊಗರಿ ನಿಂತಿರುವಾಗ ಹೊಲಕ್ಕೆ ಕಾಲಿಡಬೇಡಿ. ರಾಶಿ ಮುಗಿದ ಮೇಲೆ ಹೋಗಿ. ಕಾಡಿನ ಮಾತು ಬೇರೆ. ಚಿಂಚೋಳಿಯ ಕಾಡು ವನ್ಯಜೀವಿಧಾಮ. ಕಾಡಿನ ಕಾನೂನಿನಲ್ಲಿ ಕಲ್ಲೂ ಅರಣ್ಯ ಉತ್ಪನ್ನವೇ. ಅಲ್ಲಿನ ಚಂದ್ರಂಪಳ್ಳಿ ಅಣೆಕಟ್ಟು ನೋಡಲು ಹೋದರೆ ಫೋಟೊ ಮಾತ್ರ ತನ್ನಿ. ಬೀದರ್ ಕೋಟೆ, ಯಾದಗಿರಿ ಕೋಟೆ, ಮಳಖೇಡದ ಕೋಟೆ ಒಳಗಿಂದ ಒಂದು ಹರಳೂ ಬೇಡ. ಬಿದರಿ ಕೆಲಸದವರು ಕೋಟೆಯ ಹಳೆ ಮಣ್ಣು ಬಳಸಿಯೇ ತಮ್ಮ ಸಾಮಾನಿಗೆ ಕಪ್ಪು ತರಿಸುತ್ತಾರೆ, ಅದು ಅವರ ಕಸುಬಿನ ಮಾತು. ನಾವು ನೋಡಿ ಬಂದರೆ ಸಾಕು.

ಸನ್ನತಿ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನೀವು ಹೋದ ಜಾಗದ ಹತ್ತಿರವೇ ಕನಗನಹಳ್ಳಿಯ ಬೌದ್ಧ ಸ್ತೂಪ ಇದೆ. ಅಶೋಕನ ಹೆಸರು ಕೆತ್ತಿದ, ಅವನದೇ ಚಿತ್ರವಿರುವ ಫಲಕ ಸಿಕ್ಕ ಜಾಗ. ಆ ಫಲಕಗಳೆಲ್ಲ ಇದೇ ಸೀಮೆಯ ಸುಣ್ಣದ ಕಲ್ಲು. ಅಲ್ಲಿ ಕಾಲಬುಡದಲ್ಲಿ ಬಿದ್ದ ಬೂದು ಚೂರು ಸುಮ್ನೆ ಚೂರು ಅಂತ ಕಾಣಬಹುದು, ಅದು ಯಾವುದೋ ಶಿಲ್ಪದ ಬೆರಳಿರಬಹುದು. ನೀರಿನ ಅಂಚಿನ ಮರಳಿನಲ್ಲಿ ಉರುಳಿ ಬಂದ ಹರಳು ಒಂದು ಮಾತು. ದಂಡೆ ಮೇಲಿನ ಕಲ್ಲು ಇನ್ನೊಂದು ಮಾತು.

ಇದಕ್ಕಿಂತಲೂ ಮುಖ್ಯವಾದ ಜಾಗ ಯಾದಗಿರಿ ಜಿಲ್ಲೆಯ ಹುಣಸಗಿ. ಅಲ್ಲಿನ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದಾಗ, ಸುಮಾರು 12 ಲಕ್ಷ ವರ್ಷದ ಹಿಂದಿನ ಮನುಷ್ಯರು ಕಲ್ಲಿನ ಆಯುಧ ಮಾಡುತ್ತಿದ್ದ ಜಾಗ ಸಿಕ್ಕಿತು. ಸುಣ್ಣದ ಕಲ್ಲಿನ ಚಪ್ಪಡಿಯನ್ನು ಎಬ್ಬಿಸಿ, ಅಲ್ಲೇ ಕೂತು, ಬಡಿದು ಕೊಡಲಿ ಮಾಡಿದ್ದರು. ಕೊಡಲಿಯೂ ಅಲ್ಲೇ, ಸಿಡಿದ ಚಕ್ಕೆಯೂ ಅಲ್ಲೇ, ಬಡಿದ ಗುಂಡು ಕಲ್ಲೂ ಅಲ್ಲೇ. ಯಾವುದು ಯಾವುದರ ಪಕ್ಕ ಬಿದ್ದಿತ್ತು ಅನ್ನುವುದರಿಂದಲೇ ಅವರು ಹೇಗೆ ಕೆಲಸ ಮಾಡಿದರು ಅಂತ ತಿಳಿಯಿತು. ಒಂದೊಂದನ್ನು ಒಬ್ಬೊಬ್ಬರು ಚೀಲಕ್ಕೆ ಹಾಕಿಕೊಂಡಿದ್ದರೆ ಆ ಕಥೆ ಹೋಗಿಬಿಡುತ್ತಿತ್ತು. ಅದೇ ಸುರಪುರ ಸೀಮೆಯ ಬೂದಿಹಾಳ, ಕೊಡೇಕಲ್ ಕಡೆ ಹಳೆಯ ಬೂದಿ ದಿಬ್ಬಗಳಿವೆ. ಹೊಸ ಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಆದ ದಿಬ್ಬ. ಬೆಂಕಿಗೆ ಕರಗಿ ಗಟ್ಟಿಯಾದ ಬೂದಿಯ ಉಂಡೆಗಳು ವಿಚಿತ್ರ ಕಲ್ಲಿನ ಹಾಗೆ ಕಾಣುತ್ತವೆ. ಮುಟ್ಟಿ ನೋಡಿ, ಅಲ್ಲೇ ಬಿಡಿ.

ನಾನು ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಓದುವ ದಿನಗಳಲ್ಲಿ ಹುಣಸಗಿ ಕಡೆ ಗೆಳೆಯರ ಜೊತೆ ಸೈಕಲ್ ಮೇಲೆ ಹೋಗಿದ್ದೆ. ಹಳ್ಳದ ದಂಡೆಯಲ್ಲಿ ಎಲೆಯ ಆಕಾರದ ಕಲ್ಲೊಂದು ಸಿಕ್ಕಿತು. ಎರಡೂ ಅಂಚು ಚೂಪು. ಆಸೆಯಾಗಿ ಚೀಲಕ್ಕೆ ಹಾಕಿಕೊಂಡೆ. ಮೂರು ತಿಂಗಳ ಮೇಲೆ ನಮ್ಮ ಮೇಷ್ಟ್ರಿಗೆ ತೋರಿಸಿದೆ. ಅವರು ತಿರುಗಿಸಿ ತಿರುಗಿಸಿ ನೋಡಿದರು. ಕಣ್ಣು ಅರಳಿತು. ಎಲ್ಲಿ ಸಿಕ್ಕಿತು, ಯಾವ ಹಳ್ಳ, ಮೇಲಿತ್ತಾ ಮಣ್ಣೊಳಗಿತ್ತಾ ಅಂತ ಕೇಳಿದರು. ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಆ ದಿನ ನಾವು ನಾಲ್ಕು ಹಳ್ಳ ದಾಟಿದ್ದೆವು. ಮೇಷ್ಟ್ರು ಬೈಯಲಿಲ್ಲ. ಕಲ್ಲನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು, ಅಷ್ಟೇ. ಆ ಮೌನ ಇವತ್ತಿಗೂ ನನಗೆ ನೋವು ಕೊಡುತ್ತದೆ. ಮನುಷ್ಯನ ಕೈ ಆಡಿದ ಹಾಗೆ ಕಾಣುವ ಕಲ್ಲು ಸಿಕ್ಕರೆ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಫೋನಿನಲ್ಲಿ ಜಾಗ ಗುರುತು ಹಾಕಿ, ಪುರಾತತ್ವ ಇಲಾಖೆಗೆ ತಿಳಿಸಿ. ಕಲ್ಲು ಅಲ್ಲೇ ಇರಲಿ.

ತರಬಹುದಾದ ಕಲ್ಲಿಗೂ ಇದೇ ನಿಯಮ ಹಾಕಿಕೊಳ್ಳಿ: ಕಲ್ಲು ಚೀಲಕ್ಕೆ ಹೋಗುವ ಮೊದಲು ಊರು ಪುಸ್ತಕಕ್ಕೆ ಹೋಗಬೇಕು. ಮನೆಗೆ ಬಂದು ಬರೆಯುತ್ತೇನೆ ಅಂದರೆ ಆಗುವುದಿಲ್ಲ. ಒಂದು ಸಣ್ಣ ನೋಟ್‌ಬುಕ್, ಹಳೆ ನ್ಯೂಸ್‌ಪೇಪರ್ ತುಂಡು, ಪೆನ್ಸಿಲ್ ಇಟ್ಟುಕೊಳ್ಳಿ. ತಾರೀಖು, ಹತ್ತಿರದ ಊರು, ಯಾವ ರಸ್ತೆ, ಬಂಡೆಯಿಂದ ಕಳಚಿ ಬಿದ್ದದ್ದಾ, ಉರುಳಿ ಬಂದದ್ದಾ, ಸುತ್ತ ಮಣ್ಣು ಯಾವ ಬಣ್ಣ. ಇಷ್ಟು ಸಾಕು. ಚೀಟಿಯನ್ನು ಕಲ್ಲಿನ ಜೊತೆಗೇ ಪೇಪರಿನಲ್ಲಿ ಸುತ್ತಿ. ಮನೆಗೆ ಬಂದ ಮೇಲೆ ಹಳೆ ಬ್ರಶ್ಶಿನಿಂದ ತೊಳೆದು ನೆರಳಲ್ಲಿ ಒಣಗಿಸಿ. ಕಾಣದ ಕಡೆ ಬಿಳಿ ನೇಲ್ ಪಾಲಿಶ್ ಒಂದು ಚುಕ್ಕೆ ಹಚ್ಚಿ, ಅದರ ಮೇಲೆ ನಂಬರ್ ಬರೆಯಿರಿ. ಅದೇ ನಂಬರ್ ಪುಸ್ತಕದಲ್ಲೂ ಇರಲಿ. ಈ ಕೆಲಸ ಮಗಳಿಗೆ ಕೊಡಿ, ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾಳೆ. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಹತ್ತಿರ ತರಬೇಡಿ. ಶಹಾಬಾದ್ ಕಲ್ಲು ಕರಗುತ್ತದೆ, ಕೈಯೂ ಸುಡುತ್ತದೆ.

ಒಂದು ಜಾಗಕ್ಕೆ ಒಂದು ಕಲ್ಲು, ಅದೂ ಮಗಳ ಮುಷ್ಟಿಯಷ್ಟು. ಅಷ್ಟರಲ್ಲೇ ಇರಿ. ಸುತ್ತಿಗೆ ಬೇಡ. ಈ ಹವ್ಯಾಸಕ್ಕೆ ಬಿದ್ದ ಕಲ್ಲು ಸಾಕು. ಒಡೆಯುವಾಗ ಚೂರು ಕಣ್ಣಿಗೆ ಸಿಡಿದವರನ್ನು ನೋಡಿದ್ದೇನೆ. ಕೈಬಿಟ್ಟ ಪರಸಿ ಖಣಿಗಳ ಅಂಚಿಗೆ ಹೋಗಬೇಡಿ. ತುಂಬಿದ ನೀರು ಹಸಿರಾಗಿ ಚೆಂದ ಕಾಣುತ್ತದೆ, ಅಂಚು ಹಾಳೆ ಹಾಳೆಯಾಗಿ ಕುಸಿಯುತ್ತದೆ. ಭೀಮಾ ದಂಡೆಗೆ ಮಳೆ ನಿಂತು ನೀರು ಇಳಿದ ಮೇಲೆ ಹೋಗಿ, ಆಗ ಹೊಸ ಹರಳು ಕಾಣುತ್ತವೆ. ಸೊನ್ನ, ಸನ್ನತಿ ಬ್ಯಾರೇಜುಗಳಿಂದ ನೀರು ಬಿಡುತ್ತಾರಾ ಅಂತ ಊರವರನ್ನು ಕೇಳಿಕೊಂಡೇ ಇಳಿಯಿರಿ. ಬೇಸಿಗೆಯಲ್ಲಾದರೆ ಬೆಳಿಗ್ಗೆ ಒಂಬತ್ತರ ಒಳಗೆ ಮುಗಿಸಿ. ಎಲ್ಲಿಗಾದರೂ ವಿಮಾನದಲ್ಲಿ ಹೋಗುವುದಿದ್ದರೆ ಕಲ್ಲನ್ನು ಕೈಚೀಲದಲ್ಲಿ ಇಡಬೇಡಿ, ಒಳಗೆ ಕಳಿಸುವ ಲಗೇಜಿಗೆ ಹಾಕಿ. ತಪಾಸಣೆಯಲ್ಲಿ ತೆಗೆಸಿಬಿಟ್ಟರೆ ವಾಪಸ್ ಸಿಗುವುದಿಲ್ಲ.

ಕೊನೆಗೆ ಆ ನೆನಪಿಲ್ಲದ ಚೀಲ. ಎಸೆಯಬೇಡಿ. ಫೋನಿನ ಹಳೆ ಫೋಟೊಗಳನ್ನು ತಾರೀಖಿನ ಪ್ರಕಾರ ತೆರೆಯಿರಿ. ಮಗಳು ಕೈಯಲ್ಲಿ ಕಲ್ಲು ಹಿಡಿದು ನಿಂತ ಒಂದೆರಡು ಫೋಟೊ ಸಿಕ್ಕೇ ಸಿಗುತ್ತವೆ. ತೂತಿನ ಕೆಂಪು ಕಲ್ಲೆಲ್ಲ ಬೀದರ್ ಕಡೆಯವು, ಬೂದು ಹಾಳೆಗಳೆಲ್ಲ ಶಹಾಬಾದ್, ಸೇಡಂ ಸೀಮೆಯವು ಅಂತ ಬಣ್ಣ ನೋಡಿಯೂ ಬೇರೆ ಮಾಡಬಹುದು. ಅಂಥವಕ್ಕೆ ನಂಬರಿನ ಪಕ್ಕ ‘ಅಂದಾಜು’ ಅಂತ ಬರೆಯಿರಿ, ಖಚಿತ ಅಂತ ಬರೆಯಬೇಡಿ. ಯಾವುದಕ್ಕೂ ಸೇರದೆ ಉಳಿದವನ್ನು ಮಗಳಿಗೆ ಕೊಟ್ಟುಬಿಡಿ. ಚಾಕುವಿನ ಗೀರು, ನಿಂಬೆರಸದ ಹನಿ, ಅಯಸ್ಕಾಂತದ ದಾರ, ಎಲ್ಲವನ್ನೂ ಅವುಗಳ ಮೇಲೇ ಕಲಿಯಲಿ. ಚಾಕು ಹಿಡಿಯುವಾಗ ನೀವು ಪಕ್ಕದಲ್ಲಿರಿ. ಗುಳ್ಳೆ ಎದ್ದ ಕಲ್ಲು ಯಾವುದು, ಏಳದ ಕಲ್ಲು ಯಾವುದು ಅಂತ ಅವಳ ಕೈಯಲ್ಲೇ ಬರೆಸಿ ನನಗೆ ಕಳಿಸಿ. ನಾನು ಕಾಯುತ್ತಿರುತ್ತೇನೆ.